ಹೆಸರಿಲ್ಲದ ಖಾನೆ

ಮುಟ್ಟಬಾರದ್ದನ್ನು ಮುಟ್ಟುತ್ತಿದ್ದೇನೆ ಎಂಬುದು ಲ್ಯಾಪ್‌ಟಾಪಿನ ಮುಚ್ಚಳ ಎತ್ತುವ ಮೊದಲೇ ಫೆಲೆತಿಯ ಬೆರಳಿಗೆ ಗೊತ್ತಾಗಿತ್ತು. ಅಕ್ಕನದು ಅದು. ಮುಚ್ಚಳದ ಮೇಲೆ ತೆಂಗಿನೆಣ್ಣೆಯ ಬೆರಳಚ್ಚು, ಮೂಲೆಯಲ್ಲಿ ಆಸ್ಪತ್ರೆಯ ಸ್ಟಿಕ್ಕರು, ಕೀಲಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಉದ್ದ ಕೂದಲು. ಆ ಕೂದಲನ್ನು ಕೈಯಿಂದ ಎಳೆದು ತೆಗೆಯಬೇಕೋ ಬೇಡವೋ ಎಂದು ಯೋಚಿಸುತ್ತ ಅವನು ಸ್ವಲ್ಪ ಹೊತ್ತು ಕೂತ. ಮೀಸೆಯಲ್ಲಿ ನರೆ ಬಂದ ಶಾಲಾ ಮೇಷ್ಟರು ಒಂದು ಕೂದಲಿಗೆ ಹೆದರಿ ಕೂತಿದ್ದನ್ನು ಯಾರಾದರೂ ನೋಡಿದರೆ ನಗುತ್ತಿದ್ದರು. ಆದರೆ ಈ ದ್ವೀಪದಲ್ಲಿ ಯಾರೂ ನಗುತ್ತಿರಲಿಲ್ಲ, ಅದು ಬೇರೆ ಮಾತು. ಮೀಸೆ ಚಿಗುರುವ ಮೊದಲೇ ಅವನನ್ನು ಅಕ್ಕ ಮಲಗುವ ಮನೆಯಿಂದ ಹಿತ್ತಲಿನ ಗಂಡುಹುಡುಗರ ಗುಡಿಸಲಿಗೆ ಅಟ್ಟಿದ್ದರು. ಅಂದಿನಿಂದ ಅವಳು ಕೂತ ಚಾಪೆಯ ಮೇಲೆ ಅವನು ಕೂತಿಲ್ಲ, ಅವಳಿರುವ ಕೋಣೆಯಲ್ಲಿ ಕೂತು ಸಿನಿಮಾ ನೋಡಿಲ್ಲ, ಅವಳ ಪೆಟ್ಟಿಗೆ ತೆರೆದಿಲ್ಲ. ಅಕ್ಕ ಎಂದರೆ ಮೇಲು, ತಮ್ಮ ಎಂದರೆ ತಲೆ ತಗ್ಗಿಸುವವನು. ಕೊನೆಗೆ ಬಗ್ಗಿ ಬಾಯಿಂದ ಊದಿದ. ಕೂದಲು ಹಾರಿ ಎಲ್ಲೋ ಬಿತ್ತು, ಅವನ ತೊಡೆಯ ಮೇಲೇ ಬಿದ್ದಿರಬಹುದು ಎಂದು ಅನುಮಾನವಾಗಿ ಲುಂಗಿ ಕೊಡವಿದ.

ಲ್ಯಾಪ್‌ಟಾಪನ್ನು ತಂದುಕೊಟ್ಟವಳು ಹೆಂಡತಿ ಫಾನೆ. ಅಕ್ಕ ತಮ್ಮನ ನಡುವಿನ ಮಾತೆಲ್ಲ ಅವಳ ಮೂಲಕವೇ ಹೋಗಿ ಬರಬೇಕು.

"ನಿಮ್ಮಕ್ಕ ಕಳಿಸಿದಾರೆ. ಸೋಮವಾರ ಬೆಳಿಗ್ಗೆ ಪರೀಕ್ಷೆ. ಪರೀಕ್ಷೆಯ ಪ್ರೋಗ್ರಾಮು ಒಳಗೆ ಹೋಗ್ತಾ ಇಲ್ವಂತೆ, ಜಾಗ ಇಲ್ಲ ಅಂತ ವಾಪಸ್ ಬರ್ತದಂತೆ. ಇವತ್ತು ಹೊತ್ತು ಮುಳುಗೋದ್ರೊಳಗೆ ಆಗಬೇಕು. ನಾಳೆ ಭಾನುವಾರ, ಕೆಲಸ ಮಾಡೋ ಹಾಗಿಲ್ಲ."

"ಅರ್ಧ ಗಂಟೆ ಕೆಲಸ."

"ಪಾದ್ರಿಗಳ ಪ್ರಿಂಟರಿಗೂ ಹಾಗೇ ಅಂದಿದ್ದೆ. ಅದರಲ್ಲಿ ಈಗ ಕೋಳಿ ಮೊಟ್ಟೆ ಇಡ್ತಿದೆ."

"ಅದರ ಕಥೆ ಬೇರೆ."

"ಬೇರೇನೇ ಇರ್ಲಿ ಬಿಡು. ಇನ್ನೊಂದು ಮಾತು. ನನ್ನದು ಯಾವುದನ್ನೂ ತೆರೆಯೋದು ಬೇಡ ಅಂತ ಹೇಳು ಅಂದ್ರು."

"ಅದನ್ನ ನನಗೆ ಹೇಳಬೇಕಾ?"

"ಹೇಳು ಅಂದ್ರು, ಹೇಳಿದೆ. ನಾನು ಅಂಚೆಯವಳು ಅಷ್ಟೇ," ಎಂದು ಫಾನೆ, ಮರದ ತೊಗಟೆ ಬಡಿದು ಬಟ್ಟೆ ಮಾಡುವ ಹೆಂಗಸರ ಕೊಟ್ಟಿಗೆಗೆ ಹೊರಟುಹೋದಳು.

ಹೇಳಬೇಕಾಗಿರಲಿಲ್ಲ ಎಂಬುದೇ ಅವನನ್ನು ಚುಚ್ಚಿತು. ಇಷ್ಟು ವರ್ಷ ತಗ್ಗಿಸಿದ ತಲೆ ಸಾಲದೇ ಹೋಯಿತೇ? ಅಥವಾ ಅಮ್ಮ ತೀರಿಕೊಂಡ ಮೇಲೆ ಅಕ್ಕನ ಕಣ್ಣಲ್ಲಿ ತನ್ನ ತೂಕ ಇಳಿದಿದೆಯೇ? ಇಳಿದಿದ್ದರೆ ಆಶ್ಚರ್ಯವೇನೂ ಇಲ್ಲ. ಅಕ್ಕ ಲೊಸೇಲಿ ಈ ದ್ವೀಪದ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ನರ್ಸಿನ ಕೋರ್ಸನ್ನು ದೂರದಿಂದಲೇ ಓದುತ್ತಿದ್ದಳು, ಗಂಡ ಹಣ್ಣು ಕೀಳುವ ಕೆಲಸಕ್ಕೆಂದು ಆಸ್ಟ್ರೇಲಿಯಕ್ಕೆ ಹೋದ ಮೇಲಂತೂ ಬಿಡುವಾದಾಗಲೆಲ್ಲ ಅದೇ. ಅಮ್ಮನ ಕಾಯಿಲೆಗೆಂದು ಆಕ್ಲೆಂಡಿಗೆ ಹೋಗಿ ಕೂತಿದ್ದರಿಂದ ಕೊನೆಯ ಪರೀಕ್ಷೆ ಒಮ್ಮೆ ತಪ್ಪಿತ್ತು. ಈ ಸಲವೂ ತಪ್ಪಿದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ಕೋರ್ಸಿನವರು ಮತ್ತೆ ಅವಕಾಶ ಕೊಡುವುದಿಲ್ಲ. ಅಮ್ಮನ ಹತ್ತಿರ ಕೂತವಳ ಪರೀಕ್ಷೆ ತಪ್ಪಿತು, ಕೂರದೆ ಉಳಿದವನಿಗೆ ಏನೂ ತಪ್ಪಲಿಲ್ಲ. ಈ ಲೆಕ್ಕವನ್ನು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನೇ ದಿನಾ ಹೇಳಿಕೊಳ್ಳುತ್ತಿದ್ದ.

ಆ ಲ್ಯಾಪ್‌ಟಾಪು ಹೆಸರಿಗೆ ಮಾತ್ರ ಅವಳದು. ಮದುವೆಯಿರಲಿ, ಸಾವಿರಲಿ, ಉಡುಗೊರೆಯ ಚಾಪೆಗಳನ್ನು ಹಂಚುವಾಗ ಮನೆತನದ ಮೇಲುಸ್ಥಾನದಲ್ಲಿ ಕೂರುವವಳು ಲೊಸೇಲಿ; ಹಾಗಾಗಿ ಎಲ್ಲರ ಫೋನಿನ ಚಿತ್ರಗಳೂ ಕೊನೆಗೆ ಬಂದು ಬೀಳುವುದು ಅವಳ ಮಡಿಲಿಗೇ. ಊರಿನ ಸತ್ತವರೆಲ್ಲ ಅದರೊಳಗೆ ಮಲಗಿದ್ದರು. ಬೇರೆ ಯಾವನಾದರೂ ಆಗಿದ್ದರೆ ಎರಡು ಮದುವೆ, ಒಂದು ತಿಥಿ ಅಳಿಸಿ ಜಾಗ ಮಾಡಿಕೊಟ್ಟು ಕಾಫಿ ಕುಡಿಯುತ್ತಿದ್ದ. ಫೆಲೆತಿಗೆ ಆ ದಾರಿ ಇರಲಿಲ್ಲ. ತೆರೆದರೆ ತಾನೇ ಯಾವುದು ದೊಡ್ಡದು, ಯಾವುದು ಬೇಡದ್ದು ಎಂದು ತಿಳಿಯುವುದು. ಬೇರೆ ಡಿಸ್ಕಿಗೆ ಸಾಗಿಸೋಣವೆಂದರೆ ಚರ್ಚಿನ ಡಿಸ್ಕು ಪಾದ್ರಿಗಳ ಚೀಲದಲ್ಲಿ, ಪಾದ್ರಿಗಳು ರಾಜಧಾನಿಯಲ್ಲಿ, ನಡುವೆ ಸಮುದ್ರ. ಯಾರದೂ ಅಲ್ಲದ ಜಾಗ ಎಲ್ಲಾದರೂ ಇದ್ದರೆ ಅದನ್ನು ಅಕ್ಕನಿಗೆ ಕೊಡಿಸಬೇಕು. ಹಾಗೆ ಯೋಚಿಸಿ ಅವನು ಡಿಸ್ಕನ್ನು ಉದ್ದನೆಯ ಪಟ್ಟಿಯಾಗಿ ತೋರಿಸುವ ಕಿಟಕಿಯನ್ನು ತೆರೆದ. ಅದರಲ್ಲಿ ಯಾರ ಮುಖವೂ ಇರಲಿಲ್ಲ, ಅದೇ ಒಂದು ಸಮಾಧಾನ.

ಪಟ್ಟಿಯ ಆರಂಭದಲ್ಲಿ ಒಂದು ಪುಟ್ಟ ಖಾನೆ, ಯಂತ್ರ ಎಚ್ಚರಗೊಳ್ಳಲು ಬೇಕಾದದ್ದು. ನಡುವೆ ದೊಡ್ಡದು, ಅಕ್ಕನ ಸರ್ವಸ್ವವೂ ಇರುವುದು, ಅಂಚಿನವರೆಗೂ ತುಂಬಿದ್ದು. ಕೊನೆಯಲ್ಲಿ ಇನ್ನೊಂದು. ಅದಕ್ಕೆ ಹೆಸರಿಲ್ಲ, ಸಿ, ಡಿ ಎಂಬಂಥ ಗುರುತಿನ ಅಕ್ಷರವಿಲ್ಲ, ‘ರಿಕವರಿ’ ಎಂಬ ಹಣೆಪಟ್ಟಿ ಮಾತ್ರ. ರಾಜಧಾನಿಯಲ್ಲಿ ಮೇಷ್ಟರುಗಳಿಗೆ ನಡೆಸಿದ ಶಿಬಿರದಲ್ಲಿ ನ್ಯೂಜಿಲೆಂಡಿನ ಹೆಂಗಸೊಬ್ಬಳು ಇದನ್ನೇ ತೋರಿಸಿದ್ದಳು. ಯಂತ್ರ ಕೆಟ್ಟು ಕೂತರೆ ಅಂಗಡಿಯಿಂದ ಬಂದ ದಿನದ ಹಾಗೆ ಮತ್ತೆ ಹುಟ್ಟಿಸಲು ಕಂಪನಿಯವರು ಒಂದು ಖಾನೆಯನ್ನು ಬಚ್ಚಿಟ್ಟಿರುತ್ತಾರೆ, ಜಾಗ ತೀರಾ ಬೇಕೆಂದರೆ ಅದನ್ನು ತೆಗೆಯಬಹುದು, ಆದರೆ ಆಮೇಲೆ ಹಿಂದಿರುಗುವ ದಾರಿ ಇರುವುದಿಲ್ಲ ಎಂದಿದ್ದಳು. ಇನ್ನೊಂದು ಮಾತನ್ನೂ ಹೇಳಿದ್ದಳು. ತೆಗೆಯುವ ಮೊದಲು ಅದಕ್ಕೊಂದು ಅಕ್ಷರ ಕೊಟ್ಟು, ತೆರೆದು, ಕಣ್ಣಾರೆ ನೋಡಿ. ಕಂಪನಿಯ ಹೆಸರಿನ ಕೆಳಗೆ ಯಾರು ಏನು ಇಟ್ಟಿರುತ್ತಾರೋ ಹೇಳಲಾಗುವುದಿಲ್ಲ. ಉಳಿದ ಮೇಷ್ಟರು ಆಗ ತೂಕಡಿಸುತ್ತಿದ್ದರು. ಫೆಲೆತಿ ತೂಕಡಿಸಿರಲಿಲ್ಲ, ಆ ಮಾತು ಅವನಿಗೆ ಚೆನ್ನಾಗಿ ನೆನಪಿತ್ತು.

ಕಣ್ಣಾರೆ ನೋಡಿ. ಯಾರ ಕಣ್ಣಿಂದ? ಆ ಹೆಂಗಸಿಗೆ ಅಣ್ಣ ತಮ್ಮಂದಿರು ಇದ್ದರೋ ಇಲ್ಲವೋ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಇದು ಕಂಪನಿಯದೇ. ಉಳಿದ ಒಂದು ಪಾಲು ಅಕ್ಕನದಾಗಿದ್ದರೆ, ಅಕ್ಕ ಬಚ್ಚಿಟ್ಟದ್ದಾಗಿದ್ದರೆ, ತಮ್ಮನಾದವನು ನೋಡಲೇಬಾರದ್ದು ಅದು. ಬಚ್ಚಿಡದ್ದನ್ನೇ ತೆರೆಯಬೇಡ ಎಂದು ಹೇಳಿಕಳಿಸಿದವಳು ಬಚ್ಚಿಟ್ಟದ್ದನ್ನು ನೋಡಿದರೆ ಏನೆಂದಾಳು? ನೋಡಿಬಿಟ್ಟ ಮೇಲೆ ನೋಡಿಲ್ಲವೆಂದು ಸುಳ್ಳು ಹೇಳಬಹುದು. ಆದರೆ ನಾಳೆ ಚರ್ಚಿನಲ್ಲಿ, ಹಾಡುವವರ ಮುಂದೆ ನಿಂತು ಕೈ ಎತ್ತುವಾಗ, ಹೆಂಗಸರ ಸಾಲಿನಲ್ಲಿ ಅವಳು ಇರುತ್ತಾಳೆ. ಬಾಣಲೆಯಿಂದ ಬೆಂಕಿಗೆ. ಅಕ್ಷರ ಕೊಡುವ ಗುಂಡಿಯ ಮೇಲೆ ಬಾಣದ ಗುರುತನ್ನು ಒಯ್ದು ನಿಲ್ಲಿಸಿದ್ದವನು ಅದನ್ನು ಹಿಂದಕ್ಕೆ ಎಳೆದುಕೊಂಡ.

ಕೈ ಎತ್ತುವುದು. ಅದೇ ಕೈ ಅಲ್ಲವೇ ಅಂದೂ ಎತ್ತಿದ್ದು? ಚರ್ಚುಗಳ ವಾರ್ಷಿಕ ಸಮ್ಮೇಳನಕ್ಕೆ ಊರಿನ ಹಾಡಿನ ತಂಡವನ್ನು ತಯಾರು ಮಾಡಿ, ರಾಜಧಾನಿಗೆ ಹಡಗು ಹತ್ತಿಸಿ, ಬಿಳಿ ಅಂಗಿ ತೊಟ್ಟು ಸಾವಿರ ಜನರ ಎದುರು ನಿಂತಿದ್ದ. ಆಕ್ಲೆಂಡಿನಿಂದ ಫಾನೆಯ ಫೋನಿಗೆ ಸುದ್ದಿ ಬಂದು ಆಗಲೇ ಎಷ್ಟೋ ದಿನವಾಗಿತ್ತು: ಅಮ್ಮ ಕೇಳುತ್ತಿದ್ದಾರೆ, ಬರಲಿ. ವೀಸಾ ಇತ್ತು, ಟಿಕೆಟಿಗೆ ದಾರಿಯೂ ಇತ್ತು. ಸಮ್ಮೇಳನ ಮುಗಿಸಿ ಬರ್ತೇನೆ ಅನ್ನು ಎಂದಿದ್ದ. ಅಮ್ಮ ಗಟ್ಟಿ ಜೀವ, ಅಮ್ಮನಿಗೂ ಹಾಡೆಂದರೆ ಪ್ರಾಣ, ಅವಳೇ ಎದುರಿಗಿದ್ದಿದ್ದರೆ ಹಾಡು ಮುಗಿಸಿ ಬಾ ಎನ್ನುತ್ತಿದ್ದಳು. ಹೀಗೆಲ್ಲ ತಾನೇ ಅಮ್ಮನ ಪರವಾಗಿ ಮಾತಾಡಿಕೊಂಡು ಅಪ್ಪಣೆ ಪಡೆದಿದ್ದ. ಕೊನೆಯ ಸ್ವರವನ್ನು ಎಳೆದು ಹಿಡಿದು, ಮುಷ್ಟಿ ಬಿಗಿದು ನಿಲ್ಲಿಸಿದಾಗ ಎದ್ದ ಗದ್ದಲವನ್ನು ಅವನು ಮರೆಯಲಾರ. ಹೊರಗೆ ಬಂದಾಗ ಮರದ ಕೆಳಗೆ ಫೋನು ಹಿಡಿದು ನಿಂತಿದ್ದ ಫಾನೆಯನ್ನೂ ಮರೆಯಲಾರ. ಅಮ್ಮನನ್ನು ಆಕ್ಲೆಂಡಿನಲ್ಲೇ ಮಣ್ಣು ಮಾಡಿದರು. ಇವನಿಗೆ ಉಳಿದದ್ದು ಸೊಂಟಕ್ಕೆ ಸುತ್ತಿಕೊಳ್ಳುವ ಹರಕಲು ಸೂತಕದ ಚಾಪೆ. ವರ್ಷ ಕಳೆದರೂ ಅದನ್ನು ಬಿಚ್ಚಿರಲಿಲ್ಲ. ಅದನ್ನು ನೋಡಿ ಜನ, ಎಂಥ ಮಗ, ಎನ್ನುತ್ತಿದ್ದರು. ಅವನು ಅಲ್ಲಗಳೆಯುತ್ತಿರಲಿಲ್ಲ, ಅದೂ ಒಂದು ಕಳ್ಳತನ.

ಈ ಸಲವಾದರೂ ಅಕ್ಕನಿಗೆ ಒಂದು ಕೆಲಸ ತಪ್ಪಿಲ್ಲದೆ ಮಾಡಿಕೊಡಬೇಕು. ಖಾನೆಯ ಮೇಲೆ ಒತ್ತಿದರೆ ‘ತೆಗೆ’ ಎನ್ನುವ ಸಾಲು ಮಂಕಾಗಿತ್ತು, ಯಂತ್ರ ಒಪ್ಪುತ್ತಿರಲಿಲ್ಲ. ಕಪ್ಪು ಕಿಟಕಿಯನ್ನು ತೆರೆದು, ಕೈಯಿಂದಲೇ ಆಜ್ಞೆ ಬರೆದು, ಕೊನೆಗೆ ಬಲವಂತದ ಒಂದು ಪದವನ್ನು ಸೇರಿಸಬೇಕು. ಗೊತ್ತಿದ್ದೇ ಮಾಡುತ್ತಿದ್ದೇನೆ, ಮುಂದಿನದಕ್ಕೆ ನಾನೇ ಹೊಣೆ ಎಂದು ಬರೆದುಕೊಟ್ಟಂತೆ. ಅವನಿಗೆ ನಿಜವಾದ ಭಯ ಇದ್ದದ್ದು ಖಾನೆಯ ಅಂಕಿಯ ಬಗ್ಗೆ. ಒಂದು ಅಂಕಿ ತಪ್ಪಿದರೆ ನಡುವಿನ ಖಾನೆ, ಊರಿನ ಸತ್ತವರು, ಅಕ್ಕನ ಪಾಠ, ಎಲ್ಲ ಒಂದೇ ಉಸಿರಿಗೆ ಹೋಗುತ್ತದೆ. ಪಟ್ಟಿ ನೋಡಿದ, ಅಂಕಿ ನೋಡಿದ, ಮತ್ತೆ ಪಟ್ಟಿ ನೋಡಿದ. ಕೊಟ್ಟಿಗೆಯಿಂದ ತೊಗಟೆ ಬಡಿಯುವ ಸದ್ದು ಒಂದೇ ಸಮ ಬರುತ್ತಿತ್ತು, ನಾಲ್ಕು ಕೈ ಒಂದೇ ತಾಳ, ಅದು ನಿಲ್ಲಲಿ ಎಂದು ಕಾದ. ನಿಲ್ಲಲಿಲ್ಲ. ಕಂಬಗಳ ಮೇಲಿನ ಮನೆಯ ತಳಕ್ಕೆ ಹಂದಿಯೊಂದು ಮೈ ತಿಕ್ಕಿ ನೆಲ ಅಲುಗಿತು. ಹೆದರಿ ಕೈ ಎತ್ತಿದ, ಮತ್ತೆ ಇಟ್ಟ, ಒತ್ತಿದ. ಯಂತ್ರ ಒಂದು ಸಾಲು ಬರೆದು ತೋರಿಸಿತು: ಆಯಿತು. ಅಷ್ಟೇ, ಅಷ್ಟಕ್ಕೆ ಇಷ್ಟು ಹೆದರಿದ್ದ.

ಬರಿದಾದ ಜಾಗವನ್ನು ನಡುವಿನ ಖಾನೆಗೆ ಸೇರಿಸಿದ. ಅದು ಬೆಳೆದು ಪಟ್ಟಿಯ ಕೊನೆ ಮುಟ್ಟಿತು. ಪರೀಕ್ಷೆಯ ಪ್ರೋಗ್ರಾಮನ್ನು ಕರೆದ. ಈ ಸಲ ಅದು ತಕರಾರಿಲ್ಲದೆ ಒಳಗೆ ಹೋಗಿ ಕೂತು ಹಸಿರು ಗುರುತು ತೋರಿಸಿತು. ಎಷ್ಟೋ ದಿನಗಳ ಮೇಲೆ ಫೆಲೆತಿಗೆ ಹೊಟ್ಟೆ ಹಸಿಯಿತು. ಅಡುಗೆಮನೆಗೆ ಹೋಗಿ ತಣ್ಣಗಿದ್ದ ಬೇಯಿಸಿದ ಗೆಣಸನ್ನು ಕೈಯಲ್ಲೇ ಮುರಿದು ತಿಂದ.

ಬಿಸಿಲು ಇಳಿಯುವ ಹೊತ್ತಿಗೆ ಲೊಸೇಲಿ ಫಾನೆಯ ಜೊತೆ ಬಂದಳು. ತಾನಾಗಿ ಬಂದದ್ದು ವಿಶೇಷವೇ. ಅವಳು ಜಗಲಿಯ ಮೇಲೆ ಕೂತಳು, ಅವನು ಇಳಿದು ಅಂಗಳದಲ್ಲಿ ಬ್ರೆಡ್‌ಫ್ರೂಟ್ ಮರದ ಕಡೆ ಮುಖ ಮಾಡಿ ನಿಂತ. ಕೀಲಿಗಳ ಸದ್ದು ಕೇಳಿಸಿತು. ಪ್ರೋಗ್ರಾಮು ತೆರೆದ ಗಂಟೆ ಕೇಳಿಸಿತು. ಆಮೇಲೆ ಮತ್ತೆ ಕೀಲಿಗಳು, ಆಮೇಲೆ ಏನೂ ಇಲ್ಲ.

"ಕೊನೇಲಿ ಒಂದು ಇತ್ತಲ್ಲ," ಎಂದಳು ಲೊಸೇಲಿ, ಫಾನೆಗೆ ಹೇಳುವ ಹಾಗೆ.

"ಕಂಪನಿಯವರದು, ಅಕ್ಕಾ," ಎಂದ ಅವನು ಮರಕ್ಕೆ. "ತೆಗೆದೆ. ಅದರಿಂದಾನೇ ಜಾಗ ಆಗಿದ್ದು."

"ಒಳಗೆ ನೋಡಿದನಂತಾ?"

"ಇಲ್ಲ. ನಿಮ್ಮದು ಯಾವುದನ್ನೂ ತೆರೆದಿಲ್ಲ. ಅದನ್ನೂ ತೆರೆದಿಲ್ಲ." ಇದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಒಳ್ಳೇದು," ಎಂದಳು ಲೊಸೇಲಿ. ಮುಚ್ಚಳ ಮುಚ್ಚಿದಳು. "ಒಳ್ಳೇದಾಯ್ತು." ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು, ಚಪ್ಪಲಿ ಮೆಟ್ಟುವುದನ್ನು ಮರೆತು ಬರಿಗಾಲಲ್ಲೇ ಬೀದಿಗಿಳಿದಳು.

ಫಾನೆ ಚಪ್ಪಲಿಗಳನ್ನು ಕೈಗೆತ್ತಿಕೊಂಡು ಗಂಡನ ಮುಂದೆ ಬಂದು ನಿಂತಳು.

"ಏನು ಮಾಡಿಬಿಟ್ಟೆ ನೀನು?"

"ಜಾಗ ಮಾಡಿದೆ."

"ಅದರಲ್ಲಿ ಅತ್ತೆ ಇದ್ರು."

ಅವನಿಗೆ ಅರ್ಥವಾಗಲಿಲ್ಲ.

"ಆಸ್ಪತ್ರೆಯ ಕೊನೇ ದಿನದ್ದು. ನಿಮ್ಮಕ್ಕ ಫೋನಲ್ಲಿ ತೆಗೆದ ವಿಡಿಯೋ. ನಿನ್ನ ಕಣ್ಣಿಗೆ ಬೀಳಬಾರದು ಅಂತ ಆಕ್ಲೆಂಡಿನ ಅಂಗಡಿಯವನ ಹತ್ರ ಎಲ್ಲೋ ಮುಚ್ಚಿಸಿ ಇಟ್ಟಿದ್ರು. ಕಂಪನಿಯ ಜಾಗದಲ್ಲಿ ಇಟ್ಟಿದಾನೆ ಅಂತ ನನಗೇನು ಗೊತ್ತು? ಅದನ್ನ ನನಗೆ ಹೇಳಬೇಕಾ ಅಂದ್ಯಲ್ಲ, ನಂಬಿದೆ."

"ನೀನು ನೋಡಿದೀಯಾ ಅದನ್ನ?"

"ಕೊಟ್ಟಿಗೆಯ ಹೆಂಗಸರೆಲ್ಲ ನೋಡಿದಾರೆ. ಅಂಗಡಿಯವನು ಹೇಳಿಕೊಟ್ಟ ಹಾಗೆ ನಿಮ್ಮಕ್ಕ ತೆರೆಯೋರು. ಸೇರಿದಾಗೆಲ್ಲ ಒಂದ್ಸಲ ಹಾಕಿ ಅಳ್ತಿದ್ವಿ."

"ಅಮ್ಮ ಏನಂದ್ಲು?"

"ಅದನ್ನ ಹೇಳೋಳು ನಾನಲ್ಲ," ಎಂದು ಫಾನೆ ಚಪ್ಪಲಿಗಳನ್ನು ಅವನ ಕೈಗೆ ತುರುಕಿದಳು.

ಬೀದಿಯುದ್ದಕ್ಕೂ ಗಂಡಸರು ನಾಳೆಯ ಊಟಕ್ಕೆ ನೆಲದೊಲೆಯ ಗುಂಡಿ ತೋಡುತ್ತಿದ್ದರು, ಸೌದೆ ಸೀಳುತ್ತಿದ್ದರು. ಅಕ್ಕನ ಚಪ್ಪಲಿ ಹಿಡಿದು ಹೊರಟ ಮೇಷ್ಟರನ್ನು ನೋಡಿ ಗುದ್ದಲಿಗಳು ನಿಂತವು. ಈ ಬೀದಿಯ ಹೆಂಗಸರೆಲ್ಲ ತನ್ನ ಅಮ್ಮನ ಕೊನೆಯ ಮಾತನ್ನು ಕೇಳಿದ್ದಾರೆ, ಒಗೆಯುವಾಗ, ಸೊಪ್ಪು ಕೊಯ್ಯುವಾಗ ಅದು ಅವರಿಗೆ ನೆನಪಾಗಿರುತ್ತದೆ, ತನಗೆ ನಮಸ್ಕಾರ ಹೇಳುವಾಗಲೂ ಅದು ಅವರ ಕಿವಿಯಲ್ಲಿ ಇದ್ದಿರುತ್ತದೆ. ತಾನೊಬ್ಬನೇ ಕೇಳಿಲ್ಲ. ಏನೆಂದಿರಬಹುದು? ಶಾಪ ಹಾಕಿರಬಹುದು. ಬಚ್ಚಿಡಬೇಕಾದ ಮಾತು ಇನ್ನೇನಿರುತ್ತದೆ? ಹಾಗಿದ್ದರೆ ಅಳಿಸಿದ್ದೇ ಒಳ್ಳೆಯದಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಬಿರುಸಾಗಿ ನಡೆದ. ಅಮ್ಮನನ್ನು ಒಮ್ಮೆ ಹೋಗದೆ ಕಳೆದುಕೊಂಡಿದ್ದ, ಈಗ ಕೈಯಾರೆ ಬರೆದು, ಬಲವಂತದ ಪದ ಸೇರಿಸಿ, ಕಳೆದುಕೊಂಡಿದ್ದ.

ಲೊಸೇಲಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಕೆಸುವಿನ ಎಲೆ ಮಡಚುತ್ತಿದ್ದಳು. ಎಲೆಯೊಳಗೆ ಮಾಂಸ, ಈರುಳ್ಳಿ, ತೆಂಗಿನ ಹಾಲು. ಅವನನ್ನು ಕಂಡು ಅವಳು ಎದ್ದು ಒಳಗೆ ಹೋಗಬೇಕಿತ್ತು, ಅಥವಾ ಅವನು ಬೇಲಿಯಾಚೆ ನಿಲ್ಲಬೇಕಿತ್ತು. ಅವನು ಬೇಲಿ ದಾಟಿದ. ಅವಳು ಏಳದೆ ಅವನಿಗೆ ಬೆನ್ನು ಹಾಕಿ ತಿರುಗಿ ಕೂತಳು. ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಇಟ್ಟು ಫೆಲೆತಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಫೋನಲ್ಲಿ ಇನ್ನೂ ಇದೆಯಾ ಅಕ್ಕಾ?"

"ಫೋನು ಯಾವತ್ತೋ ದೋಣಿಯಿಂದ ನೀರಿಗೆ ಬಿತ್ತು."

"ಒಂದು ದಾರಿ ಇದೆ. ಲ್ಯಾಪ್‌ಟಾಪನ್ನ ಇನ್ನು ಮುಟ್ಟದೆ ಹಾಗೇ ಆಕ್ಲೆಂಡಿಗೆ ಕಳಿಸಿದ್ರೆ, ಕೆಲವರು ಹುಡುಕಿ ತೆಗೀತಾರೆ. ಸಿಗಬಹುದು. ಸಿಗದೇನೂ ಇರಬಹುದು. ಆದರೆ ಪರೀಕ್ಷೆ ಹೋಗ್ತದೆ."

ಎಲೆ ಮಡಚುವುದು ನಿಂತಿತು. ಬೇಡ ಎನ್ನಲಿ ಎಂದು ಅವನ ಅರ್ಧ ಮನಸ್ಸು ಬೇಡಿತು, ಕಳಿಸು ಎನ್ನಲಿ ಎಂದು ಇನ್ನರ್ಧ.

"ಬೇಡ," ಎಂದಳು. "ಒಂದ್ಸಲ ಬಿಟ್ಟಿದ್ದು ಸಾಕು. ಓದು ಮುಗಿಸು ಅಂತ ಅಮ್ಮನೇ ಅಂದಿದ್ದು. ಅದರಲ್ಲಿ ಇದ್ದದ್ದೆಲ್ಲ ನನಗೆ ನೋಡಿ ನೋಡಿ ಬಾಯಿಪಾಠ ಆಗಿದೆ."

"ನನ್ನಿಂದ ಯಾಕೆ ಮುಚ್ಚಿಟ್ರಿ?"

"ಅದನ್ನ ಕೇಳಿದ್ರೆ ನೀನು ಮತ್ತೆ ಯಾವತ್ತೂ ಕೈ ಎತ್ತಿ ಹಾಡಿಸಲ್ಲ ಅಂತ ಹೆದರಿದೆ. ಊರಿಗೆ ಇರೋದು ಅದೊಂದೇ." ಅವಳು ಬರಿತೋಳಿನಿಂದ ಮುಖ ಒರೆಸಿಕೊಂಡಳು. "ಕೊಟ್ಟುಬಿಡೋಣ ಅಂತಾನೂ ಎಷ್ಟೋ ಸಲ ಅನ್ನಿಸ್ತು. ತೀರ್ಮಾನ ಮಾಡೋಕಾಗದೆ ಇಟ್ಕೊಂಡೇ ಇದ್ದೆ."

"ಬೈದಳಾ?"

"ಬೈಯೋದೆಲ್ಲಿ. ಅವಳಿಗೆ ಗುರುತು ತಪ್ಪಿತ್ತು. ಹಾಸಿಗೆ ತಳ್ಳೋ ಕೆಲಸದವನು ಒಬ್ಬ ಬಂದ, ಸಮೋವಾ ದ್ವೀಪದವನು, ನಿನ್ನ ಹಾಗೇ ಗುಂಡಗೆ. ಅಮ್ಮ ಅವನ ಕೈ ಹಿಡಿದುಕೊಂಡ್ಲು. ಬಂದ್ಯಾ ಫೆಲೆತಿ, ಅಂದ್ಲು. ಹಾಡು ಮುಗೀತಾ ಮಗಾ, ಅಂದ್ಲು."

ಫೆಲೆತಿ ನೆಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದ.

"ಅವನು?"

"ನಮ್ಮ ಮಾತು ಅರ್ಧ ತಿಳೀತೋ ಏನೋ. ಮುಗೀತಮ್ಮ, ಬಂದೆ, ಅಂದ. ಅಮ್ಮ ನಕ್ಕಳು. ಕೈ ಬಿಡಲೇ ಇಲ್ಲ. ಅವನೂ ಕೆಲಸ ಬಿಟ್ಟು ಕೂತೇ ಇದ್ದ, ಪುಣ್ಯಾತ್ಮ."

ಆ ಗುಂಡನೆಯ ಮನುಷ್ಯನ ಮೇಲೆ ಫೆಲೆತಿಗೆ ಮೊದಲು ಉಕ್ಕಿದ್ದು ಹೊಟ್ಟೆಕಿಚ್ಚು. ತನ್ನ ಜಾಗದಲ್ಲಿ ಕೂತವನು, ತನ್ನ ಹೆಸರಿಗೆ ಓಗೊಟ್ಟವನು, ಸುಳ್ಳು ಹೇಳಿ ಅಮ್ಮನನ್ನು ನಗಿಸಿದವನು. ಆಮೇಲೆ ಹೊಟ್ಟೆಕಿಚ್ಚಿನ ಅಡಿಯಿಂದ ಅಳು ಬಂತು. ಅಕ್ಕನ ಎದುರು ಅಳಬಾರದು, ಅವಳು ಬೆನ್ನು ಹಾಕಿದ್ದಾಳೆ ಎಂಬ ಧೈರ್ಯದಲ್ಲಿ ಅತ್ತ. ಅವಳೂ ಆ ಕಡೆ ಮುಖ ಮಾಡಿ ಅಳುತ್ತಿದ್ದಳು. ಚರ್ಚಿನ ಕಡೆಯಿಂದ ಯಾರೋ ನಾಳೆಯ ಹಾಡಿನ ಕೆಳದನಿಯನ್ನು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು, ಸ್ವರ ತಪ್ಪಾಗಿತ್ತು.

"ಅಮ್ಮ ಅಂದ ಹಾಗೇ ಇನ್ನೊಂದ್ಸಲ ಹೇಳಿ ಅಕ್ಕಾ," ಎಂದ ಅವನು.

ಲೊಸೇಲಿ ಕೈಯಲ್ಲಿದ್ದ ಎಲೆಯ ಕಟ್ಟನ್ನು ಕೆಳಗಿಟ್ಟಳು. ಗಂಟಲು ಸರಿಮಾಡಿಕೊಂಡು, ಅಮ್ಮನ ಹಾಗೇ ಮೊದಲ ಅಕ್ಷರವನ್ನು ಎಳೆದು, ಉಸಿರು ಸಾಲದೆ ನಡುವೆ ನಿಂತು, ಕೇಳಿದಳು:

"ಹಾಡು ಮುಗೀತಾ, ಮಗಾ?"

ಉತ್ತರ ಹೇಳಲು ಈ ಸಲ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಮುಗೀತಮ್ಮ," ಎಂದ ಫೆಲೆತಿ. "ನಾನೇ ಬರಲಿಲ್ಲ."